ಚಾಸಿ ಒಂದು, ಬಾಡಿ ಐದು: ಮುಲೂಜ್ ಮ್ಯೂಸಿಯಂನ ಬುಗಾಟಿ ರಾಯಲ್

ಶ್ರೀರಂಗಪಟ್ಟಣದ ಬಳಿ ಹೆದ್ದಾರಿ ಪಕ್ಕದಲ್ಲಿ 2023ರಲ್ಲಿ ‘ಪಯಣ’ ಕಾರು ಮ್ಯೂಸಿಯಂ ಶುರುವಾದ ಮೇಲೆ, ಮೈಸೂರಿಗೆ ಹೊರಟ ಎಷ್ಟೋ ಕುಟುಂಬಗಳು ಅಲ್ಲಿ ಇಳಿದು ಹಳೆ ಕಾರುಗಳನ್ನು ನೋಡಿಕೊಂಡು ಹೋಗುತ್ತವೆ. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಲ್ಲಿ ಹಳೆ ಕಾರುಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡವರಂತೂ ಲೆಕ್ಕಕ್ಕಿಲ್ಲ. ಇಂಥ ಕಾರಿನ ಮುಂದೆ ನಿಂತವರಿಗೆ ಹುಟ್ಟುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ. ಇದಕ್ಕೆ ಎಷ್ಟು ಬೆಲೆ? ಇದು ಒರಿಜಿನಲ್ಲಾ?

ಮೊದಲನೆಯದಕ್ಕೆ ಹರಾಜು ಕೂಗುವವರು ಉತ್ತರ ಕೊಡುತ್ತಾರೆ. ಎರಡನೆಯದು ಮೇಲ್ನೋಟಕ್ಕೆ ಸುಲಭ, ಒಳಗೆ ಇಳಿದರೆ ಗೋಜಲು. ಆ ಗೋಜಲು ಬಿಡಿಸಲು ಜಗತ್ತಿನ ಅತಿ ಅಪರೂಪದ ಐಷಾರಾಮಿ ಕಾರುಗಳಲ್ಲಿ ಒಂದಾದ ಬುಗಾಟಿ ರಾಯಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಫ್ರಾನ್ಸಿನ ಪೂರ್ವದ ಅಂಚಿನಲ್ಲಿರುವ ಮುಲೂಜ್ ಎಂಬ ಊರಿನ ಮ್ಯೂಸಿಯಂನಲ್ಲಿ ಎರಡು ಅಸಲಿ ರಾಯಲ್‌ಗಳಿವೆ, ಪಕ್ಕದಲ್ಲೇ ಒಂದು ನಕಲು ಕೂಡ ಇದೆ. ಅಸಲಿಗಳಲ್ಲೇ ಒಂದನ್ನು ‘ಪೂರ್ತಿ ಅಸಲಿ’ ಎನ್ನಬಹುದೇ ಎಂದು ಇವತ್ತಿಗೂ ಚರ್ಚೆ ಮಾಡಬಹುದು.

ಆಗ ಕಾರು ಅಂದರೆ ಏನು?

ಇವತ್ತು ಶೋರೂಮಿಗೆ ಹೋದರೆ ಬಾಗಿಲು, ಸೀಟು, ಬಣ್ಣ ಎಲ್ಲ ಸೇರಿದ ಪೂರ್ತಿ ಕಾರು ಸಿಗುತ್ತದೆ. 1920ರ ದಶಕದಲ್ಲಿ ದುಬಾರಿ ಕಾರುಗಳ ವ್ಯಾಪಾರ ಹೀಗಿರಲಿಲ್ಲ. ನಮ್ಮಲ್ಲಿ ಲಾರಿ ಕೊಳ್ಳುವವರಿಗೆ ಆ ಪದ್ಧತಿ ಚೆನ್ನಾಗಿ ಗೊತ್ತು. ಹೆದ್ದಾರಿಯಲ್ಲಿ ಕ್ಯಾಬಿನ್ನೂ ಇಲ್ಲದ, ಹಿಂದೆ ತೊಟ್ಟಿಯೂ ಇಲ್ಲದ ಬರೀ ಚಾಸಿಯ ಮೇಲೆ ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು ಗಾಳಿಗೆ ಮುಖ ಕೊಟ್ಟು ಹೋಗುತ್ತಿರುವುದನ್ನು ನೀವು ಕಂಡಿರಬಹುದು. ಕಂಪನಿಯಿಂದ ಚಾಸಿ ತಂದು ಬಾಡಿ ಕಟ್ಟುವವರ ಶೆಡ್ಡಿಗೆ ಬಿಡುತ್ತಾರೆ. ಅಲ್ಲಿ ಮಾಲೀಕನಿಗೆ ಬೇಕಾದ ಹಾಗೆ ಬಾಡಿ ಕಟ್ಟಿಕೊಡುತ್ತಾರೆ.

ಅಂದಿನ ಶ್ರೀಮಂತರ ಕಾರುಗಳೂ ಹೀಗೇ ಆಗುತ್ತಿದ್ದವು. ಕಾರು ಕಂಪನಿ ಕೊಡುತ್ತಿದ್ದದ್ದು ಚಾಸಿ, ಅಂದರೆ ಉಕ್ಕಿನ ಚೌಕಟ್ಟು, ಎಂಜಿನ್, ಗೇರ್‌ಬಾಕ್ಸ್, ಚಕ್ರ, ಸ್ಟೀರಿಂಗ್, ಮುಂದಿನ ರೇಡಿಯೇಟರ್ ಇಷ್ಟು. ಅದರ ಮೇಲಿನ ಬಾಡಿಯನ್ನು ಕಟ್ಟುತ್ತಿದ್ದವರು ಕೋಚ್‌ಬಿಲ್ಡರ್‌ಗಳು. ಇವರಲ್ಲಿ ಹಲವರು ಮೊದಲು ಕುದುರೆ ಸಾರೋಟು ಮಾಡುತ್ತಿದ್ದ ಮನೆತನದವರು. ಹಾಗಾಗಿ ಹಳೆ ಕಾರಿನ ಫಲಕದಲ್ಲಿ ಎರಡು ಹೆಸರು ಕಂಡರೆ ಗಾಬರಿಯಾಗಬೇಕಿಲ್ಲ. ಒಂದು ಚಾಸಿ ಮಾಡಿದವರದು, ಇನ್ನೊಂದು ಬಾಡಿ ಕಟ್ಟಿದವರದು.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಒಂದು, ಒಂದೇ ಮಾದರಿಯ ಎರಡು ಕಾರುಗಳು ನೋಡಲು ಒಂದೇ ಥರ ಇರಬೇಕಾಗಿಲ್ಲ. ಇನ್ನೊಂದು, ಬಾಡಿ ಹಳತಾದರೆ, ಇಲ್ಲವೇ ಮಾಲೀಕನಿಗೆ ಬೇಸರವಾದರೆ, ಅದನ್ನು ಕಿತ್ತು ಹೊಸದು ಕಟ್ಟಿಸಬಹುದಿತ್ತು. ಕಾರಿನ ಗುರುತು ಉಳಿಯುತ್ತಿದ್ದದ್ದು ಚಾಸಿ ನಂಬರಿನಲ್ಲಿ. ಹಳೆ ಗಾಡಿ ಕೊಳ್ಳುವಾಗ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಟಿಓಗೆ ಕೊಟ್ಟವರಿಗೆ ಆ ನಂಬರಿನ ಮಹಿಮೆ ಬಿಡಿಸಿ ಹೇಳಬೇಕಿಲ್ಲ. ಮ್ಯೂಸಿಯಂ ಪಂಡಿತರೂ ಮೊದಲು ಕೇಳುವುದು ಅದನ್ನೇ.

ಯಾರು ಈ ಬುಗಾಟಿ?

ಎತ್ತೋರೆ ಬುಗಾಟಿ 1881ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಹುಟ್ಟಿದವರು. ಅವರದು ಕಲಾವಿದರ ಮನೆ. ತಂದೆ ಕಾರ್ಲೊ ಪೀಠೋಪಕರಣಗಳ ವಿನ್ಯಾಸಕ್ಕೆ ಹೆಸರಾದವರು, ತಮ್ಮ ರೆಂಬ್ರಾಂಟ್ ಪ್ರಾಣಿಗಳ ಶಿಲ್ಪಿ. ಎತ್ತೋರೆ 1909ರಲ್ಲಿ ಅಲ್ಸಾಸ್ ಸೀಮೆಯ ಮೋಲ್‌ಸೈಮ್‌ನಲ್ಲಿ ಕಾರ್ಖಾನೆ ಹಾಕಿದರು. ಆಗ ಅಲ್ಸಾಸ್ ಜರ್ಮನಿಯ ಕೈಯಲ್ಲಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸಿಗೆ ಸೇರಿತು. ಆದ್ದರಿಂದ ಬುಗಾಟಿ ಇಟಲಿಯದೋ, ಜರ್ಮನಿಯದೋ, ಫ್ರಾನ್ಸಿನದೋ ಎಂಬ ಪ್ರಶ್ನೆಗೆ ಯಾವ ವರ್ಷದ ಬಗ್ಗೆ ಕೇಳುತ್ತಿದ್ದೀರಿ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ.

ಅವರ ಕಾರುಗಳಿಗೆ ಹೆಸರು ಬಂದದ್ದು ರೇಸಿನಿಂದ. ಹಗುರವಾದ, ಚಿಕ್ಕದಾದ, ಚುರುಕಾದ ಕಾರುಗಳು ಅವು. ಅಂಥವರು 1920ರ ದಶಕದಲ್ಲಿ ಇದ್ದಕ್ಕಿದ್ದಂತೆ ಆನೆಯಂಥ ಕಾರು ಮಾಡಲು ಹೊರಟರು. ರಾಜಮಹಾರಾಜರಿಗಷ್ಟೇ ಮಾರಬೇಕು, ಒಟ್ಟು 25 ಮಾಡಬೇಕು ಎಂಬುದು ಲೆಕ್ಕ. ಕಂಪನಿಯ ಪುಸ್ತಕದಲ್ಲಿ ಅದು ಟೈಪ್ 41, ಜನರ ಬಾಯಲ್ಲಿ ರಾಯಲ್. ಆನೆ ಎಂದದ್ದು ಬರೀ ಮಾತಿಗಲ್ಲ. ರಾಯಲ್‌ನ ರೇಡಿಯೇಟರ್ ಮುಚ್ಚಳದ ಮೇಲೆ ಹಿಂಗಾಲಲ್ಲಿ ನಿಂತು ಸೊಂಡಿಲೆತ್ತಿದ ಪುಟ್ಟ ಆನೆಯ ಮೂರ್ತಿ ಇರುತ್ತದೆ. ಅದು ತಮ್ಮ ರೆಂಬ್ರಾಂಟ್ ಮಾಡಿದ ಶಿಲ್ಪದ ಅಚ್ಚು. ರೆಂಬ್ರಾಂಟ್ 1916ರಲ್ಲೇ, ಮೂವತ್ತೊಂದನೆಯ ವಯಸ್ಸಿನಲ್ಲಿ, ಪ್ಯಾರಿಸ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದರು. ಹತ್ತು ವರ್ಷದ ನಂತರ ಅಣ್ಣ ತನ್ನ ಅತಿ ದೊಡ್ಡ ಕಾರಿನ ನೆತ್ತಿಯ ಮೇಲೆ ತಮ್ಮನ ಆನೆಯನ್ನು ಕೂರಿಸಿದರು.

12.7 ಲೀಟರ್ ಅಂದರೆ?

ಎಂಜಿನ್ನಿನ ಗಾತ್ರವನ್ನು ಲೀಟರಿನಲ್ಲಿ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಅದು ಪೆಟ್ರೋಲ್ ಟ್ಯಾಂಕಿನ ಅಳತೆಯಲ್ಲ. ಸಿಲಿಂಡರುಗಳ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಜಾಗವನ್ನೆಲ್ಲ ಕೂಡಿಸಿದರೆ ಬರುವ ಮೊತ್ತ. ಜಾಗ ಹೆಚ್ಚಿದ್ದಷ್ಟೂ ಒಂದು ಸುತ್ತಿಗೆ ಹೆಚ್ಚು ಗಾಳಿ, ಹೆಚ್ಚು ಇಂಧನ ಒಳಗೆ ಹೋಗಿ ಉರಿಯುತ್ತದೆ, ಎಳೆತ ಹೆಚ್ಚುತ್ತದೆ. ಇವತ್ತು ನಮ್ಮ ರಸ್ತೆಗಳಲ್ಲಿ ಓಡುವ ಎಷ್ಟೋ ಸಣ್ಣ ಕಾರುಗಳದು 1.2 ಲೀಟರ್ ಎಂಜಿನ್. ರಾಯಲ್‌ನದು 12.7 ಲೀಟರಿಗೂ ಸ್ವಲ್ಪ ಹೆಚ್ಚು. ಮೊದಲ ಪ್ರಯೋಗದ ಕಾರಿನದಂತೂ ಸುಮಾರು 14.7 ಲೀಟರ್ ಇತ್ತು.

ಎಂಟು ಸಿಲಿಂಡರ್‌ಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತಿವೆ. ಹಾಗಾಗಿ ಎಂಜಿನ್ನೇ ಸುಮಾರು 1.4 ಮೀಟರ್ ಉದ್ದ. ಅದನ್ನು ಮುಚ್ಚುವ ಬಾನೆಟ್ ಒಬ್ಬ ಆಳು ಕೈಕಾಲು ಚಾಚಿ ಮಲಗುವಷ್ಟಿದೆ. ಕಾರಿನ ಒಟ್ಟು ಉದ್ದ 6 ಮೀಟರಿಗೂ ಹೆಚ್ಚು, ತೂಕ ಮೂರು ಟನ್ನಿನ ಆಸುಪಾಸು. ಶಕ್ತಿ 300 ಅಶ್ವಶಕ್ತಿಯ ಹತ್ತಿರ. ಗೇರು ಮೂರೇ, ಗೇರ್‌ಬಾಕ್ಸ್ ಇರುವುದು ಹಿಂದಿನ ಆಕ್ಸಲ್ಲಿನಲ್ಲಿ. ಮೊದಲನೆಯದು ಹೊರಡುವುದಕ್ಕೆ, ಎರಡನೆಯದರಲ್ಲೇ ಬಹುಪಾಲು ಓಡಾಟ, ಮೂರನೆಯದು ಖಾಲಿ ರಸ್ತೆಯಲ್ಲಿ ವೇಗವಾಗಿ ಸಾಗುವುದಕ್ಕೆ.

ಮೆಕ್ಯಾನಿಕ್‌ಗಳು ಕೇಳಿದರೆ ತಲೆ ಚಚ್ಚಿಕೊಳ್ಳುವ ಒಂದು ವಿಷಯವೂ ಇದೆ. ಸಾಮಾನ್ಯ ಎಂಜಿನ್ನಿನಲ್ಲಿ ಮೇಲಿನ ಭಾಗವನ್ನು, ಅಂದರೆ ಹೆಡ್ಡನ್ನು, ಬೋಲ್ಟ್ ಬಿಚ್ಚಿ ಎತ್ತಬಹುದು. ವಾಲ್ವ್ ಕೆಲಸ ಬಂದಾಗ ಹಾಗೇ ಮಾಡುತ್ತಾರೆ. ರಾಯಲ್‌ನಲ್ಲಿ ಹೆಡ್ಡೂ ಸಿಲಿಂಡರ್ ಬ್ಲಾಕೂ ಒಂದೇ ಎರಕ. ವಾಲ್ವ್ ಉಜ್ಜಬೇಕಾದರೆ ಕೆಳಗಿನಿಂದ ಕ್ರಾಂಕ್‌ಶಾಫ್ಟ್ ಇಳಿಸಿ ಇಡೀ ಎಂಜಿನ್ ಬಿಚ್ಚಿ ಹರಡಬೇಕು. ಹೆಡ್ಡು, ಬ್ಲಾಕುಗಳ ನಡುವೆ ಕೂರಿಸುವ ಹಾಳೆ, ಅಂದರೆ ಹೆಡ್ ಗ್ಯಾಸ್ಕೆಟ್, ಇಲ್ಲದ ಕಾರಣ ಅದು ಸುಟ್ಟುಹೋಗುವ ಪ್ರಶ್ನೆಯೂ ಇರಲಿಲ್ಲವೆನ್ನಿ. ರಿಪೇರಿಯ ಕಷ್ಟ ಮಾಲೀಕರದಲ್ಲ, ಅವರ ಆಳುಗಳದು ಎಂಬ ಕಾಲ ಅದು.

ರಾಜರಿಗೆಂದು ಮಾಡಿದ್ದು, ರಾಜರೇ ಕೊಳ್ಳಲಿಲ್ಲ

ಬರೀ ಚಾಸಿಗೆ ಬೆಲೆ ಸುಮಾರು ಐದು ಲಕ್ಷ ಫ್ರಾಂಕ್. ಬಾಡಿ ಖರ್ಚು ಬೇರೆ. ಮಾರಾಟ ಶುರುವಾಗುವ ಹೊತ್ತಿಗೆ ಸರಿಯಾಗಿ 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಜಗತ್ತೇ ಆರ್ಥಿಕ ಕುಸಿತಕ್ಕೆ ಸಿಕ್ಕಿತು. ಸ್ಪೇನಿನ ದೊರೆ 13ನೇ ಅಲ್ಫಾನ್ಸೊಗೆ ಕಾರಿನ ಮೇಲೆ ಆಸೆಯಿತ್ತು, ಆದರೆ 1931ರಲ್ಲಿ ಅವರ ಸಿಂಹಾಸನವೇ ಹೋಯಿತು.

ಕೊನೆಗೆ ಹೊಸ ಕಾರಾಗಿ ಮಾರಾಟವಾದವು ಮೂರೇ ಮೂರು. ಕೊಂಡವರಲ್ಲಿ ಒಬ್ಬ ರಾಜನೂ ಇಲ್ಲ. ಮೊದಲನೆಯವರು ಬಟ್ಟೆ ಉದ್ಯಮಿ ಅರ್ಮಾನ್ ಎಸ್ಡರ್ಸ್, 1932ರಲ್ಲಿ. ಎರಡನೆಯವರು ಜರ್ಮನಿಯ ಹೆರಿಗೆ ವೈದ್ಯ ಯೋಸೆಫ್ ಫುಕ್ಸ್. ಮೂರನೆಯವರು ಇಂಗ್ಲೆಂಡಿನ ಕ್ಯಾಪ್ಟನ್ ಫಾಸ್ಟರ್.

ಎಸ್ಡರ್ಸ್ ಕಟ್ಟಿಸಿಕೊಂಡ ಬಾಡಿ ವಿಚಿತ್ರ. ಎರಡೇ ಸೀಟಿನ ತೆರೆದ ಕಾರು, ಅದಕ್ಕೆ ಹೆಡ್‌ಲೈಟೇ ಇಲ್ಲ! ರಾತ್ರಿ ಹೊತ್ತು ನಾನು ಕಾರು ಓಡಿಸುವುದಿಲ್ಲ, ನನಗೇಕೆ ದೀಪ ಎಂಬುದು ಅವರ ವಾದ. ದೊಡ್ಡ ದೀಪಗಳ ಅಡ್ಡಿಯಿಲ್ಲದೆ ಮುಂಭಾಗದ ಮಡ್‌ಗಾರ್ಡುಗಳು ಹರಿದುಬಂದ ರೀತಿ ಎಷ್ಟು ಚೆಂದವಾಗಿತ್ತೆಂದರೆ, ಆ ಬಾಡಿಯ ವಿನ್ಯಾಸ ಮಾಡಿದ ಎತ್ತೋರೆಯ ಮಗ ಜಾನ್‌ಗೆ ಆಗ ವಯಸ್ಸು ಇಪ್ಪತ್ತು ದಾಟಿ ಸ್ವಲ್ಪವೇ ಆಗಿತ್ತು ಎಂದರೆ ನಂಬುವುದು ಕಷ್ಟ. ಆ ಕಾರಿನ ಚಾಸಿ ನಂಬರ್ 41.111. ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

41.100: ನಾಲ್ಕು ಸಲ ಮೈ ಬದಲಿಸಿದ್ದು

ಮುಲೂಜ್‌ನಲ್ಲಿ ಜನ ಮುಗಿಬೀಳುವ ರಾಯಲ್‌ಗೆ ಕೂಪೆ ನೆಪೋಲಿಯನ್ ಎಂದು ಹೆಸರು. ನಂಬರಿನಲ್ಲಿ ಮೊದಲ 41 ಮಾದರಿಯದು, ಚುಕ್ಕಿಯ ಆಚೆಗಿನ 100 ಕಾರಿನದು. ಅಂದರೆ ಇದೇ ಮೊದಲ ರಾಯಲ್.

ಪ್ರಯೋಗದ ಚಾಸಿ ತಯಾರಾದಾಗ ಅದಕ್ಕೆ ತನ್ನದೇ ಬಾಡಿ ಇರಲಿಲ್ಲ. ಅಮೆರಿಕದ ಪ್ಯಾಕಾರ್ಡ್ ಕಾರೊಂದರ ತೆರೆದ ಬಾಡಿಯನ್ನು ತಂದು ಕೂರಿಸಿದರು. ಆಮೇಲೆ ಹಳೆ ಕಾಲದ ಕುದುರೆ ಗಾಡಿಯನ್ನು ಹೋಲುವ ಚಿಕ್ಕ ಮುಚ್ಚು ಬಾಡಿ. ಅದನ್ನು ಕಿತ್ತು ನಾಲ್ಕು ಬಾಗಿಲಿನ ದೊಡ್ಡ ಬಾಡಿ. ಅದೂ ಹೋಗಿ ಪ್ಯಾರಿಸ್‌ನ ವೇಮನ್ ಎಂಬ ಕೋಚ್‌ಬಿಲ್ಡರ್ ಕಟ್ಟಿದ ಬಾಡಿ ಬಂತು. ಈ ನಾಲ್ಕನೆಯ ಬಾಡಿ ಹೊತ್ತ ಕಾರನ್ನು ಪ್ಯಾರಿಸ್‌ನಿಂದ ಅಲ್ಸಾಸ್ ಕಡೆಗೆ ಓಡಿಸಿಕೊಂಡು ಬರುವಾಗ ಎತ್ತೋರೆಗೆ ಸ್ಟೀರಿಂಗ್ ಮೇಲೇ ನಿದ್ದೆ ಹತ್ತಿ ಕಾರು ಅಪಘಾತಕ್ಕೆ ಸಿಕ್ಕಿತು. ಅವರು ಬದುಕಿದರು, ಕಾರು ನುಗ್ಗುನುರಿಯಾಯಿತು.

ಐದನೆಯದೇ ಈಗ ಕಾಣುವುದು. ಜಾನ್ ಬುಗಾಟಿ ವಿನ್ಯಾಸ ಮಾಡಿದ ಬಾಡಿ. ಹಿಂದೆ ಮಾಲೀಕರಿಗೆ ಮುಚ್ಚಿದ ಕೋಣೆ, ಅದರ ಮಾಡಿನಲ್ಲಿ ಬೆಳಕು ಬೀಳಲು ಗಾಜು. ಮುಂದೆ ಡ್ರೈವರ್ ಕೂರುವ ಜಾಗಕ್ಕೆ ಮಾಡೇ ಇಲ್ಲ, ಮಳೆಯೋ ಬಿಸಿಲೋ ಅವನ ಹಣೆಬರಹ. ಕಾರನ್ನು ಮಾರದೆ ಎತ್ತೋರೆ ತಮ್ಮ ಓಡಾಟಕ್ಕೇ ಇಟ್ಟುಕೊಂಡರು.

ಈಗ ತಕರಾರಿಗೆ ಬರೋಣ. ಒಟ್ಟು ಎಷ್ಟು ರಾಯಲ್ ಮಾಡಿದರು ಎಂದು ಹುಡುಕಿದರೆ ಕೆಲವು ಕಡೆ ಆರು ಎಂದಿರುತ್ತದೆ, ಕೆಲವು ಕಡೆ ಏಳು. ಯಾರದೂ ತಪ್ಪಲ್ಲ. ನಜ್ಜುಗುಜ್ಜಾದ ಪ್ರಯೋಗದ ಕಾರನ್ನು ಬೇರೆಯೇ ಒಂದು ಕಾರೆಂದು ಎಣಿಸಿದರೆ ಏಳು. ಅದರ ನಂಬರ್ ಮುಂದುವರಿಸಿದ ಕೂಪೆ ನೆಪೋಲಿಯನ್‌ನಲ್ಲಿ ಅದನ್ನು ಸೇರಿಸಿಬಿಟ್ಟರೆ ಆರು. ಕಣ್ಣೆದುರು ಉಳಿದಿರುವುದು ಆರೇ.

ಮಿಕ್ಕ ಎಂಜಿನ್‌ಗಳು ಹಳಿ ಏರಿದವು

25 ಕಾರಿನ ಲೆಕ್ಕ ಹಾಕಿ ಹೊರಟವರ ಕೈಯಲ್ಲಿ ಮಾರಾಟವಾಗದ ಎಂಜಿನ್ ಉಳಿದವು. ಬುಗಾಟಿ ಅವನ್ನು ರೈಲಿಗೆ ಹಾಕಿದರು. ಕಂಪನಿಯನ್ನು ಕಷ್ಟಕಾಲದಲ್ಲಿ ಉಳಿಸಿದ್ದು ರಾಜರ ಕಾರಲ್ಲ, ಈ ರೈಲು ಎಂದರೆ ಅತಿಶಯವಲ್ಲ. ಒಂದೊಂದು ಎಂಜಿನ್ನನ್ನು ಸುಮಾರು 200 ಅಶ್ವಶಕ್ತಿಗೆ ಇಳಿಸಿ, ನಾಲ್ಕನ್ನು ಒಂದೇ ಬೋಗಿಯ ನಡುವೆ ಜೋಡಿಸಿದರು. ಡ್ರೈವರ್ ಕೂರುವುದು ಮುಂದಲ್ಲ, ಬೋಗಿಯ ಮಧ್ಯೆ ಮಾಡಿನ ಮೇಲೆ ಎದ್ದ ಗಾಜಿನ ಗೂಡಿನಲ್ಲಿ. 1933ರಲ್ಲಿ ಪ್ಯಾರಿಸ್‌ನಿಂದ ಸಮುದ್ರ ತೀರದ ದೋವಿಲ್‌ಗೆ ಓಡಾಟ ಶುರುವಾಯಿತು. ಮರುವರ್ಷ ಪರೀಕ್ಷೆಯೊಂದರಲ್ಲಿ ಗಂಟೆಗೆ 190 ಕಿ.ಮೀ. ದಾಟಿತು. ಎರಡನೆಯ ಮಹಾಯುದ್ಧದ ನಂತರವೂ, 1950ರ ದಶಕದವರೆಗೆ, ಇಂಥ ಬೋಗಿಗಳು ಓಡಿದವು. ಅವುಗಳಲ್ಲೊಂದು ಈಗ ಅದೇ ಮುಲೂಜ್ ಊರಿನ ರೈಲ್ವೆ ಮ್ಯೂಸಿಯಂನಲ್ಲಿದೆ. ಕಾರು ನೋಡಲು ಹೋದವರು ಅದನ್ನು ಬಿಟ್ಟು ಬಂದರೆ ರಾಯಲ್ ಕಥೆಯ ಅರ್ಧವನ್ನಷ್ಟೇ ನೋಡಿದ ಹಾಗೆ.

ಗೋಡೆಯ ಹಿಂದೆ, ಗುಜರಿಯಲ್ಲಿ

ಅಪರೂಪದ ವಸ್ತು ಉಳಿಯುವುದು ಕಾಳಜಿಯಿಂದ ಮಾತ್ರವಲ್ಲ, ಬಹಳ ಸಲ ಅದೃಷ್ಟದಿಂದ. ಯುದ್ಧದ ಕಾಲದಲ್ಲಿ ಮಾರಾಟವಾಗದೆ ಉಳಿದಿದ್ದ ಮೂರು ರಾಯಲ್‌ಗಳನ್ನು ಜರ್ಮನ್ ಸೈನ್ಯದ ಕಣ್ಣಿಗೆ ಬೀಳದಂತೆ ಪ್ಯಾರಿಸ್‌ನ ಉತ್ತರಕ್ಕಿರುವ ಎರ್ಮೆನೊನ್ವಿಲ್‌ನ ಬುಗಾಟಿ ಮನೆಯಲ್ಲಿಟ್ಟು ಮುಂದೆ ಇಟ್ಟಿಗೆ ಗೋಡೆ ಕಟ್ಟಿಬಿಟ್ಟರು. ಮಗ ಜಾನ್ 1939ರಲ್ಲೇ ಕಾರು ಪರೀಕ್ಷೆ ಮಾಡುವಾಗ, ಎದುರಾದ ಸೈಕಲ್ ಸವಾರನನ್ನು ತಪ್ಪಿಸಲು ಹೋಗಿ ಸತ್ತಿದ್ದರು. ಎತ್ತೋರೆ 1947ರಲ್ಲಿ ತೀರಿಕೊಂಡರು. ಆಮೇಲೆ ಮೂರರಲ್ಲಿ ಎರಡನ್ನು ಅಮೆರಿಕದ ರೇಸ್ ಪ್ರೇಮಿ ಬ್ರಿಗ್ಸ್ ಕನ್ನಿಂಗ್‌ಹ್ಯಾಮ್ ಕೊಂಡರು. ಬೆಲೆಯ ಜೊತೆಗೆ ಎರಡು ಹೊಸ ಫ್ರಿಜ್ ಕೊಟ್ಟರು ಎಂದು ಕಾರು ಪ್ರಿಯರು ಹೇಳಿಕೊಂಡು ನಗುತ್ತಾರೆ. ಯುದ್ಧ ಮುಗಿದ ಫ್ರಾನ್ಸಿನಲ್ಲಿ ಫ್ರಿಜ್ ಸಿಗುವುದೇ ದುಸ್ತರವಾಗಿತ್ತು. ಆ ಎರಡರಲ್ಲಿ ಒಂದು 1987ರಲ್ಲಿ ಲಂಡನ್‌ನ ಹರಾಜಿನಲ್ಲಿ 55 ಲಕ್ಷ ಪೌಂಡಿಗೆ ಹೋಯಿತು. ಅಲ್ಲಿಯವರೆಗೆ ಯಾವ ಕಾರಿಗೂ ಹರಾಜಿನಲ್ಲಿ ಅಷ್ಟು ಹಣ ಬಂದಿರಲಿಲ್ಲ.

ಡಾಕ್ಟರ್ ಫುಕ್ಸ್ ಅವರ ಕಾರಿನ ಪಾಡು ಬೇರೆ. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿ ಬಿಟ್ಟ ಡಾಕ್ಟರು ಕಾರನ್ನೂ ಜೊತೆಗೆ ಸಾಗಿಸಿಕೊಂಡು ಶಾಂಘೈ ದಾರಿಯಾಗಿ ನ್ಯೂಯಾರ್ಕ್ ಸೇರಿದರು. ಅಲ್ಲಿನ ಚಳಿಗೆ ಎಂಜಿನ್ನಿನೊಳಗಿನ ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳಿತು. ರಿಪೇರಿ ಎಲ್ಲಿ ಮಾಡಿಸುವುದು? ಕಾರು ಗುಜರಿಗೆ ಹೋಯಿತು. ಜನರಲ್ ಮೋಟರ್ಸ್‌ನ ಎಂಜಿನಿಯರ್ ಚಾರ್ಲ್ಸ್ ಚೇನ್ ಅದನ್ನು ಪತ್ತೆಹಚ್ಚಿ 1946ರಲ್ಲಿ 400 ಡಾಲರಿಗೆ ಕೊಂಡು, ರಿಪೇರಿ ಮಾಡಿಸಿ ಓಡಿಸಿದರು. ಆಮೇಲೆ ಅದನ್ನು ಅಮೆರಿಕದ ಹೆನ್ರಿ ಫೋರ್ಡ್ ಮ್ಯೂಸಿಯಂಗೆ ದಾನ ಕೊಟ್ಟರು. ಈಗಲೂ ಅಲ್ಲೇ ಇದೆ.

ಗಿರಣಿ ಮ್ಯೂಸಿಯಂ ಆದದ್ದು ಹೇಗೆ?

ಹಾನ್ಸ್ ಮತ್ತು ಫ್ರಿಟ್ಸ್ ಶ್ಲುಂಪ್ಫ್ ಎಂಬ ಸ್ವಿಸ್ ಅಣ್ಣತಮ್ಮಂದಿರು ಮುಲೂಜ್ ಸುತ್ತಮುತ್ತ ಉಣ್ಣೆ ಗಿರಣಿಗಳ ಮಾಲೀಕರು. ತಮ್ಮ ಫ್ರಿಟ್ಸ್‌ಗೆ ಬುಗಾಟಿ ಹುಚ್ಚು. 1960ರ ದಶಕದಲ್ಲಿ ಸಿಕ್ಕ ಸಿಕ್ಕ ಬುಗಾಟಿಗಳನ್ನೆಲ್ಲ ಕೊಳ್ಳತೊಡಗಿದರು. ಬುಗಾಟಿ ಕಂಪನಿಯ ಬಳಿಯಿದ್ದ ಕಾರುಗಳ ಜೊತೆ ಕೂಪೆ ನೆಪೋಲಿಯನ್ ಬಂತು. 1964ರಲ್ಲಿ ಅಮೆರಿಕದ ಜಾನ್ ಶೇಕ್ಸ್‌ಪಿಯರ್ ಎಂಬ ಸಂಗ್ರಾಹಕರಿಂದ 30 ಬುಗಾಟಿಗಳನ್ನು ಒಟ್ಟಿಗೆ ಕೊಂಡಾಗ ಕ್ಯಾಪ್ಟನ್ ಫಾಸ್ಟರ್ ಅವರ ರಾಯಲ್ ಕೂಡ ಬಂತು. ಹೀಗೆ ಎರಡು ರಾಯಲ್ ಒಂದೇ ಸೂರಿನಡಿ ಸೇರಿದವು.

ಆ ಸೂರು ಮುಲೂಜ್‌ನ ಒಂದು ಹಳೆ ಗಿರಣಿ. ಒಳಗೆ ಕುಶಲಕರ್ಮಿಗಳು ಗುಟ್ಟಾಗಿ ಕಾರು ದುರಸ್ತಿ ಮಾಡುತ್ತಿದ್ದರು. ಪ್ಯಾರಿಸ್ ಸೇತುವೆಯ ಮೇಲಿನ ದೀಪದ ಕಂಬಗಳ ಪ್ರತಿಗಳನ್ನು ನೂರಾರು ಸಂಖ್ಯೆಯಲ್ಲಿ ಮಾಡಿಸಿ ಕಾರುಗಳ ನಡುವೆ ನೆಟ್ಟರು. ಊರಿನವರಿಗೆ ಒಳಗೇನಿದೆ ಎಂದು ಗೊತ್ತಿರಲಿಲ್ಲ.

1970ರ ದಶಕದಲ್ಲಿ ಯೂರೋಪಿನ ಜವಳಿ ಉದ್ಯಮ ಮಕಾಡೆ ಮಲಗಿತು. 1976ರಲ್ಲಿ ಗಿರಣಿಗಳು ನಿಂತವು, ಕಾರ್ಮಿಕರು ಬೀದಿಗೆ ಬಂದರು, ಮಾಲೀಕರು ಗಡಿ ದಾಟಿ ಸ್ವಿಟ್ಜರ್ಲೆಂಡಿನ ಬಾಸೆಲ್ ಸೇರಿಕೊಂಡರು. 1977ರ ಮಾರ್ಚ್‌ನಲ್ಲಿ ಕಾರ್ಮಿಕರು ಬಾಗಿಲು ಒಡೆದು ಒಳಗೆ ನುಗ್ಗಿದಾಗ ಕಂಡದ್ದು ಸಾಲು ಸಾಲು ಹೊಳೆಯುವ ಕಾರುಗಳು. ತಮ್ಮ ಕೂಲಿಗೆ ಇಲ್ಲದ ದುಡ್ಡು ಎಲ್ಲಿಗೆ ಹೋಗಿತ್ತು ಎನ್ನುವುದಕ್ಕೆ ಅವರಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಸಿಟ್ಟಿನಲ್ಲಿ ಒಂದು ಆಸ್ಟಿನ್ ಕಾರಿಗೆ ಬೆಂಕಿ ಇಟ್ಟರು. ರಾಯಲ್‌ಗಳನ್ನು ಮುಟ್ಟಲಿಲ್ಲ. ಎರಡು ವರ್ಷ ಆ ಜಾಗವನ್ನು ತಾವೇ ವಶದಲ್ಲಿಟ್ಟುಕೊಂಡು ಸಾರ್ವಜನಿಕರಿಗೆ ತೋರಿಸಿದರು.

ಸಾಲ ತೀರಿಸಲು ಕಾರುಗಳನ್ನು ಒಂದೊಂದಾಗಿ ಮಾರಬಹುದಿತ್ತಲ್ಲ? ಅದಕ್ಕೆ ತಡೆ ಬಿದ್ದದ್ದು 1978ರಲ್ಲಿ. ಫ್ರಾನ್ಸ್ ಸರ್ಕಾರ ಇಡೀ ಸಂಗ್ರಹವನ್ನು ಐತಿಹಾಸಿಕ ಸ್ಮಾರಕ ಎಂದು ಘೋಷಿಸಿತು. ಹಾಗೆ ಘೋಷಣೆಯಾದರೆ ಬಿಡಿಬಿಡಿಯಾಗಿ ಮಾರುವಂತಿಲ್ಲ, ದೇಶದಾಚೆ ಸಾಗಿಸುವಂತಿಲ್ಲ. 1981ರಲ್ಲಿ ಸ್ಥಳೀಯ ಸಂಸ್ಥೆಗಳೆಲ್ಲ ಸೇರಿ 4.4 ಕೋಟಿ ಫ್ರಾಂಕ್ ಕೊಟ್ಟು ಕೊಂಡವು. 1982ರ ಜುಲೈನಲ್ಲಿ ಮ್ಯೂಸಿಯಂ ತೆರೆಯಿತು. ಇವತ್ತು ಅಲ್ಲಿ 400ಕ್ಕೂ ಹೆಚ್ಚು ಕಾರುಗಳಿವೆ, ನೂರಕ್ಕಿಂತ ಹೆಚ್ಚು ಬುಗಾಟಿಗಳೇ.

ಹಾಗಾದರೆ ಒರಿಜಿನಲ್ ಯಾವುದು?

ಎಸ್ಡರ್ಸ್ ಅವರ 41.111 ನೆನಪಿದೆಯಲ್ಲ? ಮುಂದಿನ ಮಾಲೀಕರು ಹೆಡ್‌ಲೈಟಿಲ್ಲದ ಆ ಸುಂದರ ಬಾಡಿಯನ್ನು ತೆಗೆಸಿ, ಪ್ಯಾರಿಸ್‌ನ ಬಿಂಡರ್ ಎಂಬ ಕೋಚ್‌ಬಿಲ್ಡರ್ ಕೈಲಿ ಗಂಭೀರವಾದ ಮುಚ್ಚು ಬಾಡಿ ಕಟ್ಟಿಸಿದರು. ಹಳೆ ಬಾಡಿ ಕಣ್ಮರೆಯಾಯಿತು. ಚಾಸಿ ಉಳಿಯಿತು. ಬಿಂಡರ್ ಬಾಡಿ ಹೊತ್ತ ಆ ಕಾರು ಈಗ ಫೋಕ್ಸ್‌ವ್ಯಾಗನ್ ಸಮೂಹದ ಬಳಿ ಇದೆ. ಬುಗಾಟಿ ಹೆಸರನ್ನು 1998ರಲ್ಲಿ ಕೊಂಡದ್ದೂ ಅವರೇ.

ಆದರೆ ಮುಲೂಜ್‌ಗೆ ಹೋದವರು ಹೆಡ್‌ಲೈಟಿಲ್ಲದ ಎಸ್ಡರ್ಸ್ ಕಾರನ್ನು ಕಣ್ಣಾರೆ ನೋಡುತ್ತಾರೆ. ಅದು ಶ್ಲುಂಪ್ಫ್ ಸಂಗ್ರಹದಲ್ಲಿದ್ದ ಬುಗಾಟಿ ಬಿಡಿಭಾಗಗಳನ್ನು ಬಳಸಿ, ಹಳೆ ಫೋಟೊ ನೋಡಿ ಕಟ್ಟಿದ ಪ್ರತಿ. ಹೀಗಾಗಿ ಎಸ್ಡರ್ಸ್ ಕಾರಿನ ಚಾಸಿ ಒಂದು ಕಡೆ ಬೇರೆ ಬಾಡಿ ಹೊತ್ತು ನಿಂತಿದೆ, ಅದರ ರೂಪ ಇನ್ನೊಂದು ಕಡೆ ಬೇರೆ ಚಾಸಿಯ ಮೇಲೆ ಕೂತಿದೆ. ತಜ್ಞರ ತೀರ್ಪು ಸ್ಪಷ್ಟ. ನಂಬರ್ ಇದ್ದದ್ದೇ ಅಸಲಿ, ಮುಲೂಜ್‌ನದು ಪ್ರತಿ. ನೋಡಲು ಬಂದ ಜನರ ತೀರ್ಪು ಬೇರೆ ಇರಬಹುದು, ಅದನ್ನು ನಾನು ತಪ್ಪೆನ್ನಲಾರೆ.

ಇನ್ನು ಮುಂದೆ ಯಾವುದೇ ಹಳೆ ಕಾರಿನ ಮುಂದೆ ‘ಇದು ಒರಿಜಿನಲ್ಲಾ’ ಎಂದು ಕೇಳುವ ಬದಲು ಮೂರು ಪ್ರಶ್ನೆ ಬಿಡಿಬಿಡಿಯಾಗಿ ಕೇಳಿ. ಚಾಸಿ ನಂಬರ್ ಕಂಪನಿಯ ದಾಖಲೆಗೆ ಹೊಂದುತ್ತದೆಯೇ? ಎಂಜಿನ್ ಅದೇ ಚಾಸಿಯ ಜೊತೆ ಬಂದದ್ದೇ? ಬಾಡಿ ಆ ಚಾಸಿಯ ಮೇಲೆ ಮೊಟ್ಟಮೊದಲು ಕೂರಿಸಿದ್ದೇ? ಮೂರಕ್ಕೂ ಹೌದು ಎನ್ನುವ ಕಾರು ಸಿಕ್ಕರೆ ಅದರ ಬೆಲೆ ಗಗನಕ್ಕೇರುತ್ತದೆ. ಕೂಪೆ ನೆಪೋಲಿಯನ್ ಮೂರನೆಯ ಪ್ರಶ್ನೆಯಲ್ಲಿ ಫೇಲಾಗುತ್ತದೆ, ಮೊದಲನೆಯದರಲ್ಲೂ ವಾದಕ್ಕೆ ಎಡೆಯಿದೆ. ಆದರೂ ಐದೂ ಬಾಡಿ ಕಂಪನಿಯ ಒಡೆಯನ ಕಾಲದಲ್ಲೇ, ಅವರ ಕಣ್ಣೆದುರೇ ಬದಲಾದವು. ಆದ್ದರಿಂದ ಆ ಬದಲಾವಣೆಗಳನ್ನು ಕಾರಿನ ಚರಿತ್ರೆಯ ಭಾಗವೆಂದೇ ಒಪ್ಪಿಕೊಂಡಿದ್ದಾರೆ. ನಾಳೆ ಯಾರಾದರೂ ಆರನೆಯ ಬಾಡಿ ಕಟ್ಟಿಸಲು ಹೊರಟರೆ ಅದು ಹಾಗಾಗುವುದಿಲ್ಲ, 1978ರ ಘೋಷಣೆಯಿಂದಾಗಿ ಕಾನೂನೂ ಬಿಡುವುದಿಲ್ಲ.